ಹಿಮದ ಮೇಲಿನ ಜೋಡಿ ಕೋಲು, ನಮ್ಮೂರ ತಾತನ ಒಂಟಿ ಕೋಲು

ಕಳೆದ ಚಳಿಗಾಲದಲ್ಲಿ ಹೆಮ್ಮಿಗೆ ಕಡೆಯ ಹುಡುಗನೊಬ್ಬ ನಮಗೆ ಫೋನ್ ಮಾಡಿದ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವನು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಅವನಿಗೆ ಅವಕಾಶ ಸಿಕ್ಕಿತ್ತು. "ಅಣ್ಣ, ಸ್ಕೀ ಪೋಲ್ ಅಂತ ಕೈಲಿ ಹಿಡ್ಕೊಳೋ ಎರಡು ಕೋಲು ಬೇಕಂತೆ. ಎಂಥದ್ದು ತಗೋಬೇಕು? ಮೈಸೂರಲ್ಲಿ ಸಿಗ್ತದಾ?" ಎಂದು ಕೇಳಿದ.

ನಮಗೂ ಗೊತ್ತಿರಲಿಲ್ಲ. ಪತ್ರಿಕೆಗೆ ನಾಲೆ ನೀರು, ಭತ್ತದ ದರ, ಕಬ್ಬಿನ ಬಾಕಿ ಬರೆಯುವ ನಮಗೆ ಹಿಮದ ಸುದ್ದಿ ಎಲ್ಲಿಂದ ಗೊತ್ತಿರಬೇಕು? "ಆನ್‌ಲೈನ್‌ನಲ್ಲಿ ನೋಡಪ್ಪ" ಎಂದುಬಿಟ್ಟೆವು. ಮನೆಯವರು ಒಂದು ಹೋತ ಮಾರಿ ದುಡ್ಡು ಹೊಂದಿಸಿದ್ದರು. ಅದರಲ್ಲೇ ಒಂದು ಪಾಲು ಹಾಕಿ ಹುಡುಗ ಕೋಲು ತರಿಸಿದ.

ಪಾರ್ಸೆಲ್ ಬಿಚ್ಚಿದ ದಿನ ನಾವೂ ಅವರ ಜಗಲಿಯಲ್ಲಿದ್ದೆವು. ಹುಡುಗನ ತಾತ ಒಂದು ಕೋಲನ್ನು ಎತ್ತಿ ನೋಡಿದರು, ನೆಲಕ್ಕೆ ಊರಿ ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದ ಯಾರ್ ಎತ್ರಕ್ಕೆ ಅಳ್ದು ತರ್ಸುದ್ಯಪ್ಪ?"

ಯಾರೂ ಅಳೆದಿರಲಿಲ್ಲ. ಸಾಲದ್ದಕ್ಕೆ, ಬಂದದ್ದು ಸ್ಕೀ ಕೋಲೇ ಆಗಿರಲಿಲ್ಲ. ಬೆಟ್ಟ ಹತ್ತುವವರು ಹಿಡಿಯುವ, ಒಂದರೊಳಗೊಂದು ಮಡಚಿ ಚಿಕ್ಕದಾಗುವ ಟ್ರೆಕ್ಕಿಂಗ್ ಕೋಲು ಅದು. ಮಾರಿದವರು ಎರಡಕ್ಕೂ ಸೇರಿಸಿ ಒಂದೇ ಹೆಸರು ಹಾಕಿದ್ದರು. ಪೊಟ್ಟಣ ಹರಿದಿದೆ ಎಂದು ವಾಪಸ್ಸೂ ತೆಗೆದುಕೊಳ್ಳಲಿಲ್ಲ.

"ನೋಡಪ್ಪ" ಎಂದು ಹೇಳಿ ಕೈ ತೊಳೆದುಕೊಂಡದ್ದು ನಮ್ಮ ತಪ್ಪು. ಆ ತಪ್ಪಿಗೆ ಪ್ರಾಯಶ್ಚಿತ್ತ ಎಂದುಕೊಂಡು ಈ ಕೋಲಿನ ಚರಿತ್ರೆ ಹುಡುಕಲು ಕುಳಿತೆವು. ಹುಡುಕುತ್ತಾ ಹೋದರೆ ಅದು ನಮ್ಮ ಕಾಡಿನ ಬಿದಿರಿಗೇ ಬಂದು ತಗುಲಿತು.

ಮೊದಲು ಇದ್ದದ್ದು ಒಂದೇ ಕೋಲು

ಹಿಮ ಬೀಳುವ ದೇಶದವರಿಗೆ ಸ್ಕೀ ಎನ್ನುವುದು ಮೊದಲು ಆಟವಾಗಿರಲಿಲ್ಲ. ನಮಗೆ ಹರಿಗೋಲು ಹೇಗೋ ಅವರಿಗೆ ಸ್ಕೀ ಹಾಗೆ. ಹೆಮ್ಮಿಗೆ ಸೇತುವೆ ಆಗುವ ಮುಂಚೆ ಕಾವೇರಿ ದಾಟಿ ತಲಕಾಡಿಗೆ ಹೋಗಬೇಕೆಂದರೆ ಹರಿಗೋಲು ಬೇಕಿತ್ತಲ್ಲ, ಅದೇ ರೀತಿ ಆಳದ ಹಿಮದಲ್ಲಿ ಬೇಟೆಗೆ, ಸೌದೆಗೆ, ಪಕ್ಕದ ಊರಿಗೆ ಹೋಗಬೇಕೆಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಳ್ಳಲೇಬೇಕಿತ್ತು.

ಸ್ವೀಡನ್ ದೇಶದ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ 1924ರಲ್ಲಿ ಜೌಗು ನೆಲದಿಂದ ಒಂದು ಜೊತೆ ಹಳೆಯ ಸ್ಕೀ ಸಿಕ್ಕಿತು. ಸುಮಾರು 5,200 ವರ್ಷ ಹಿಂದಿನದು ಎಂದು ಲೆಕ್ಕ ಹಾಕಿದ್ದಾರೆ. ಅದರ ಜೊತೆ ಸಿಕ್ಕ ಕೋಲು ಒಂದೇ. ಅದರ ತುದಿ ಸಲಿಕೆಯ ಹಾಗೆ ಅಗಲವಾಗಿದೆ. ಊರಲು, ತಳ್ಳಲು, ಹಿಮ ಕೆದಕಲು ಎಲ್ಲಕ್ಕೂ ಅದೊಂದೇ. ಕುರಿ ಕಾಯುವವರ ಕೋಲನ್ನು ನೆನೆಸಿಕೊಳ್ಳಿ. ಸೊಪ್ಪು ಬಗ್ಗಿಸಲು, ಹಾವು ಸರಿಸಲು, ನಿಂತು ಒರಗಲು ಅವರಿಗೂ ಒಂದೇ ಕೋಲು.

ಇಳಿಜಾರಿನಲ್ಲಿ ವೇಗ ಹೆಚ್ಚಾದರೆ ಆ ಒಂಟಿ ಕೋಲನ್ನು ಹಿಂದಕ್ಕೆ ಊರಿ ಭಾರ ಹಾಕಿ ಬ್ರೇಕ್ ಹಿಡಿಯುತ್ತಿದ್ದರು. ಮಂಗೋಲಿಯಾ ಮತ್ತು ಚೀನಾ ನಡುವಿನ ಅಲ್ತಾಯ್ ಬೆಟ್ಟಗಳಲ್ಲಿ ಈಗಲೂ ಸ್ಕೀಯ ಅಡಿಗೆ ಕುದುರೆ ಚರ್ಮ ಹೊದಿಸಿ, ಒಂದೇ ಮರದ ಕೋಲು ಹಿಡಿದು ಇಳಿಯುವವರು ಇದ್ದಾರೆ. ಆಸ್ಟ್ರಿಯಾದಲ್ಲಿ ಬೆಟ್ಟದ ಸ್ಕೀಯಿಂಗ್ ಬಗ್ಗೆ 1896ರಲ್ಲಿ ಪುಸ್ತಕ ಬರೆದ ಮಥಿಯಾಸ್ ಜ್ಡಾರ್ಸ್ಕಿ ಕೂಡ ಒಂದು ಕೋಲಿನ ಪಕ್ಷದವರೇ.

ಅಷ್ಟು ಹೊತ್ತಿಗೆ ನಾರ್ವೆ ಕಡೆ ಎರಡು ಕೋಲು ಹಿಡಿಯುವುದು ಶುರುವಾಗಿತ್ತು. ಎರಡೂ ಕೈಯಲ್ಲಿ ತಳ್ಳಿದರೆ ಸಮತಟ್ಟಾದ ಹಿಮದ ಮೇಲೆ ಬೇಗ ಸಾಗಬಹುದು, ಸಮತೋಲನವೂ ಸಿಗುತ್ತದೆ. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡ್ ದಾಟಿದ ಮೇಲೆ ಈ ಕಡೆಗೆ ಜನರ ಗಮನ ಹೆಚ್ಚಾಯಿತು. ಇಪ್ಪತ್ತನೇ ಶತಮಾನ ಶುರುವಾಗಿ ಕೆಲವು ವರ್ಷ ಕಳೆಯುವುದರೊಳಗೆ ಜೋಡಿ ಕೋಲೇ ರೂಢಿಯಾಯಿತು.

ತಲಕಾಡಿನ ಮರಳು ಕಲಿಸುವ ಪಾಠ

ಸ್ಕೀ ಕೋಲಿನ ತುದಿಗಿಂತ ಒಂದು ಗೇಣಿನೊಳಗೆ ಒಂದು ಬಿಲ್ಲೆ ಇರುತ್ತದೆ. ಅದು ಯಾಕೆ ಎಂದು ಹುಡುಗ ಕೇಳಿದಾಗ ತಾತನೇ ಉತ್ತರ ಹೇಳಿದರು. ನೀವೂ ತಲಕಾಡಿಗೆ ಹೋದಾಗ ಪರೀಕ್ಷೆ ಮಾಡಬಹುದು. ಒಣ ಮರಳಿನಲ್ಲಿ ಕೋಲು ಊರಿ ಭಾರ ಬಿಡಿ. ಕೋಲು ಸರಕ್ಕನೆ ಒಳಗೆ ಹೋಗುತ್ತದೆ, ನೀವು ಮುಗ್ಗರಿಸುತ್ತೀರಿ. ಅದೇ ಕೋಲಿನ ಕೆಳಗೆ ತಲೆಹೊರೆಯ ಸಿಂಬೆಯಂಥದ್ದನ್ನು ಬಿಗಿದು ಕಟ್ಟಿ ಊರಿ. ಅಲ್ಲೇ ನಿಲ್ಲುತ್ತದೆ.

ಹಿಮದಲ್ಲೂ ಅದೇ ಲೆಕ್ಕ. ಹಳೆಯ ಕಾಲದಲ್ಲಿ ಬೆತ್ತವನ್ನು ಬಳೆಯ ಹಾಗೆ ಬಗ್ಗಿಸಿ, ನಡುವೆ ಚರ್ಮದ ಪಟ್ಟಿ ಎಳೆದು ಕೋಲಿಗೆ ಕಟ್ಟುತ್ತಿದ್ದರು. ಅದಕ್ಕೆ ಇಂದಿಗೂ ಬ್ಯಾಸ್ಕೆಟ್, ಅಂದರೆ ಬುಟ್ಟಿ, ಎಂದೇ ಹೆಸರು. ಈಗ ಪ್ಲಾಸ್ಟಿಕ್ಕಿನದು ಬರುತ್ತದೆ. ಗಟ್ಟಿ ಹಿಮಕ್ಕೆ ಚಿಕ್ಕ ಬುಟ್ಟಿ ಸಾಕು. ಮೆತ್ತನೆಯ ಹೊಸ ಹಿಮಕ್ಕೆ ಅಗಲದ ಬುಟ್ಟಿ ಬೇಕು.

ಬಿದಿರಿನ ಕಾಲ

ಎರಡು ಕೋಲು ಬಂದ ಮೇಲೆ ತೂಕದ ಪ್ರಶ್ನೆ ಬಂತು. ದಿನವಿಡೀ ಎತ್ತಿ ಎತ್ತಿ ಊರಬೇಕು. ಮರದ ಕೋಲು ಭಾರ. ಆಗ ಯೂರೋಪಿನವರ ಕೈಗೆ ಸಿಕ್ಕಿದ್ದು ಏಷ್ಯಾದ ಬಿದಿರು. ಹಗುರ, ಬಾಗಿದರೂ ಮುರಿಯದ್ದು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ಹೋಗುತ್ತಿದ್ದ ಒಂದು ಜಾತಿಯ ಬಿದಿರಿಗೆ ಅಲ್ಲಿಯ ವ್ಯಾಪಾರಿಗಳು ಟಾಂಕಿನ್ ಎಂದು ಹೆಸರಿಟ್ಟಿದ್ದರು. ಮೀನಿನ ಗಾಳದ ಕೋಲಿಗೂ ಅದೇ, ಸ್ಕೀ ಕೋಲಿಗೂ ಅದೇ. ದಕ್ಷಿಣ ಧ್ರುವಕ್ಕೆ 1911–12ರಲ್ಲಿ ನಡೆದ ಪ್ರಸಿದ್ಧ ಪೈಪೋಟಿಯಲ್ಲಿ ಇಂಗ್ಲೆಂಡಿನ ಸ್ಕಾಟ್ ತಂಡದವರು ಹಿಡಿದಿದ್ದುದೂ ಬಿದಿರಿನ ಸ್ಕೀ ಕೋಲು.

ಹಿಮವನ್ನೇ ಕಾಣದ ನಾಡಿನ ಬಿದಿರು ಹಿಮದ ನಾಡಿನವರ ಕೈಯಲ್ಲಿ ಹತ್ತಾರು ವರ್ಷ ಇತ್ತು. ಆ ಬಿದಿರನ್ನು ಆರಿಸಿ ಕಡಿದ ಕೈಗಳು ಏಷ್ಯಾದ ಹಳ್ಳಿಗರವು. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ನಮ್ಮ ಕಡೆಯ ಆರಿಸುವ ವಿದ್ಯೆ

ಆರಿಸುವುದು ಎಂದೆವಲ್ಲ, ಅದರ ಬಗ್ಗೆ ತಾತನ ಬಳಿ ಒಂದು ಸಂಜೆ ಪೂರ್ತಿ ಕುಳಿತು ಕೇಳಿದೆವು. ನಮ್ಮ ಕಾಡುಗಳಲ್ಲಿ ಮುಖ್ಯವಾಗಿ ಎರಡು ಬಿದಿರು. ಒಂದು ಮುಳ್ಳಿನ ಹೆಬ್ಬಿದಿರು. ದಪ್ಪ, ಒಳಗೆ ಟೊಳ್ಳು. ಚಪ್ಪರಕ್ಕೆ, ಏಣಿಗೆ, ಬುಟ್ಟಿಗೆ ಬೇಕಾದದ್ದು. ಇನ್ನೊಂದು ಕಿರುಬಿದಿರು. ಗಂಡುಬಿದಿರು ಎಂದೂ ಕರೆಯುತ್ತಾರೆ. ಸಣ್ಣ, ಒಣ ನೆಲದಲ್ಲಿ ಬೆಳೆದರೆ ಒಳಗೂ ಗಟ್ಟಿ. ಪೊಲೀಸರ ಲಾಠಿ ಆಗುವುದು ಇದೇ. ಊರುಗೋಲಿಗೂ ಇದೇ.

ತಾತ ಹೇಳಿದ ಕ್ರಮ ಹೀಗಿದೆ. ಆ ವರ್ಷದ ಎಳೆಯದು ಬೇಡ, ಒಣಗಿದ ಮೇಲೆ ಸುಕ್ಕುತ್ತದೆ. ಮೂರು ವರ್ಷ ದಾಟಿದ್ದು ಬೇಕು. ಗೆಣ್ಣು ಹತ್ತಿರ ಹತ್ತಿರ ಇರಬೇಕು. ಬಡಿದರೆ ಗಟ್ಟಿ ಸದ್ದು ಬರಬೇಕು. ಬೇಸಿಗೆ ಶುರುವಿಗೆ ಮುಂಚೆ ಕಡಿಯಬೇಕು. ಮಳೆಗಾಲದಲ್ಲಿ ಕಡಿದರೆ ಕುಟ್ಟೆ ಹಿಡಿಯುತ್ತದೆ. ಕಡಿದದ್ದನ್ನು ನೀರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ, ಸೊಟ್ಟ ಇದ್ದಲ್ಲಿ ಬೆಂಕಿಗೆ ಹಿಡಿದು ನೆಟ್ಟಗೆ ಮಾಡಬೇಕು. ಕೊನೆಗೆ ಯಾರಿಗೆ ಬೇಕೋ ಅವರನ್ನು ನಿಲ್ಲಿಸಿ ಅಳೆದು ಕತ್ತರಿಸಬೇಕು. "ಕೋಲ್ನ ಕಡ್ಯಕ್ ಮುಂಚೆ ಆಳ್ನ ನೋಡ್ಬೇಕು ಕನಪ್ಪ" ಎಂದರು.

ಕುಟ್ಟೆಯ ಮಾತಿಗೆ ವಿಜ್ಞಾನದ ಕಾರಣವೂ ಇದೆ. ಬಿದಿರಿನೊಳಗೆ ಪಿಷ್ಟ ಹೆಚ್ಚಿದ್ದಷ್ಟೂ ಹುಳಕ್ಕೆ ಊಟ ಹೆಚ್ಚು. ನೀರಲ್ಲಿ ನೆನೆಸಿದರೆ ಅದು ಕರಗಿ ಕಡಿಮೆಯಾಗುತ್ತದೆ.

ಮಾದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ತಾಳುಬೆಟ್ಟದಿಂದ ಏರುವಾಗ ಕೋಲು ಹಿಡಿಯುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಪರಂಪರೆಯ ನೀಲಗಾರರಿಗೆ ಜೋಳಿಗೆಯಷ್ಟೇ ಬೆತ್ತವೂ ಮುಖ್ಯ. ಬಿದಿರ ಕೆಲಸವನ್ನೇ ಕಾಯಕ ಮಾಡಿಕೊಂಡ ಮೇದಾರ ಕೇತಯ್ಯ 12ನೇ ಶತಮಾನದ ಶರಣರು. ಹರಿಗೋಲು, ಊರುಗೋಲು, ಅಳತೆಗೋಲು ಎನ್ನುವ ಮಾತುಗಳಲ್ಲೇ ಕೋಲು ನಮ್ಮ ಬದುಕಿನ ಎಷ್ಟು ಕಡೆ ಇತ್ತು ಎನ್ನುವುದು ಗೊತ್ತಾಗುತ್ತದೆ.

ಆ ಬಿದಿರು ಎಲ್ಲಿ ಹೋಯಿತು?

ಹಾಗಾದರೆ ಮೊಮ್ಮಗನಿಗೆ ತಾತನೇ ಒಂದು ಜೊತೆ ಕೋಲು ಮಾಡಿಕೊಡಬಹುದಿತ್ತಲ್ಲ ಎಂದು ಕೇಳಿದೆವು. "ಬಿದ್ರೆಲ್ಲದೆ?" ಎಂದರು ಅವರು.

ಬ್ರಿಟಿಷರ ಕಾಲದ 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರ ಎಂದು ಎಣಿಸಿತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ. ಕಾಯ್ದೆ ಮಾತ್ರ ಮರ ಎಂದಿತು. ಮರ ಎಂದ ಮೇಲೆ ಕಡಿಯಲು, ಸಾಗಿಸಲು ಅಪ್ಪಣೆ ಬೇಕು. ಆಮೇಲೆ ಕಾಗದದ ಕಾರ್ಖಾನೆಗಳು ಬಂದವು. ಭದ್ರಾವತಿಯಲ್ಲಿ 1930ರ ದಶಕದಲ್ಲಿ, ದಾಂಡೇಲಿಯಲ್ಲಿ 1950ರ ದಶಕದಲ್ಲಿ. ಕಾರ್ಖಾನೆಗಳಿಗೆ ಟನ್ ಲೆಕ್ಕದಲ್ಲಿ ಬಿದಿರು ಬೇಕಿತ್ತು. ಸರ್ಕಾರ ಅದನ್ನು ಬಹಳ ಅಗ್ಗದ ದರಕ್ಕೆ ಕೊಟ್ಟಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ನೂರಾರು ಪಟ್ಟು ಹೆಚ್ಚು ಕೊಡಬೇಕಾಯಿತು.

ಬುಟ್ಟಿ ಹೆಣೆಯುವವರು ದೂರು ಎತ್ತಿದ ಮೇಲೆ, 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಕರ್ನಾಟಕದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದರು. ಅದರಲ್ಲಿ ಒಂದು ಸಂಗತಿ ಹಳ್ಳಿಯವರು ನೆನಪಿಡಬೇಕಾದದ್ದು. ಹಿಂಡಲಿನ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯದವರು ನಂಬಿದ್ದರು. ಮುಳ್ಳು ತೆಗೆದರೆ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿಂದುಹಾಕುತ್ತವೆ ಎಂದು ಹಳ್ಳಿಗರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು.

ಇನ್ನೊಂದು ಕಡೆ 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಹುಲಿಗೆ ಅದು ಒಳ್ಳೆಯದೇ ಆಯಿತು. ಕಾಡಿನ ಅಂಚಿನವರಿಗೆ ಒಂದು ಕೋಲು ಕಡಿದು ತರುವ ದಾರಿ ಮುಚ್ಚಿತು. ಸಾಲದೆಂದು ಹೆಬ್ಬಿದಿರು ನಲವತ್ತು-ನಲವತ್ತೈದು ವರ್ಷಕ್ಕೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಹಿಂಡಲು ಹಿಂಡಲೇ ಸಾಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದಿತು. 2017ರಲ್ಲಿ ಕೇಂದ್ರ ಸರ್ಕಾರ 1927ರ ಕಾಯ್ದೆಯ ಮರದ ಪಟ್ಟಿಯಿಂದ ಬಿದಿರನ್ನು ಕೈಬಿಟ್ಟಿತು. ಕಾಯ್ದೆ ಬದಲಾಗುವ ಹೊತ್ತಿಗೆ ತೊಂಬತ್ತು ವರ್ಷ ಕಳೆದಿತ್ತು. ಆರಿಸಿ ಕಡಿಯುವ ವಿದ್ಯೆ ಗೊತ್ತಿದ್ದವರಲ್ಲಿ ಬಹಳ ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು.

ಉಕ್ಕು, ಅಲ್ಯೂಮಿನಿಯಂ, ಕಾರ್ಬನ್

ಹಿಮದ ದೇಶಗಳಲ್ಲೂ ಬಿದಿರಿನ ಕಾಲ ಮುಗಿಯಿತು. ಮೊದಲು ಉಕ್ಕಿನ ಕೊಳವೆಯ ಕೋಲು ಬಂತು. ಗಟ್ಟಿಯೇನೋ ನಿಜ, ಕೈ ಸೋಲುತ್ತಿತ್ತು. ಅಮೆರಿಕದ ಐಡಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಎಡ್ ಸ್ಕಾಟ್ ಎನ್ನುವ ಸ್ಕೀ ಓಟಗಾರ 1958ರಲ್ಲಿ ಮೇಲೆ ದಪ್ಪ, ಕೆಳಗೆ ಸಪೂರವಾದ ಅಲ್ಯೂಮಿನಿಯಂ ಕೋಲು ಮಾಡಿದ. ಕೆಲವೇ ವರ್ಷಗಳಲ್ಲಿ ಬಿದಿರೂ ಉಕ್ಕೂ ಹಿಂದೆ ಬಿದ್ದವು. 1970ರ ದಶಕದಲ್ಲಿ ಕಾರ್ಬನ್ ನಾರಿನ ಕೋಲು ಬಂತು. ಅದು ಇನ್ನೂ ಹಗುರ, ದರವೂ ಹೆಚ್ಚು.

ಅಲ್ಯೂಮಿನಿಯಂ ಬಿದ್ದರೆ ಬಾಗುತ್ತದೆ, ಬಾಗಿದ್ದನ್ನು ಒಂದೆರಡು ಸಲ ನೆಟ್ಟಗೆ ಮಾಡಬಹುದು. ಕಾರ್ಬನ್ ಪಕ್ಕದಿಂದ ಪೆಟ್ಟು ಬಿದ್ದರೆ ಸೀಳಿ ಮುರಿಯುತ್ತದೆ. ಹಾಗಾಗಿ ಕಲಿಯುವವರಿಗೆ ಅಲ್ಯೂಮಿನಿಯಂ ಸಾಕು. ಕಾರ್ಬನ್ ಓಟದವರಿಗೆ.

ಕೊಳ್ಳುವ ಮುಂಚೆ

ನಮ್ಮ ಕಡೆಯ ಮಕ್ಕಳು ಹಿಮಕ್ಕೆ ಎಲ್ಲಿ ಹೋಗುತ್ತಾರೆ ಎಂದು ನಗಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ 5 ಕಿ.ಮೀ. ಸ್ಕೀ ಓಟದಲ್ಲಿ ಕಂಚು ಗೆದ್ದರು. ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಇದೆ. ನಾಳೆ ನಿಮ್ಮ ಮನೆಯ ಮಗಳೇ ಕೇಳಬಹುದು. ಆಗ ನಮ್ಮ ಹಾಗೆ "ಆನ್‌ಲೈನ್‌ನಲ್ಲಿ ನೋಡು" ಎನ್ನಬೇಡಿ. ಇಷ್ಟು ಹೇಳಿ:

ಒಂದು: ಮೊದಲು ತರಬೇತಿ ಕೊಡುವವರನ್ನು ಕೇಳಿ. ಹೊಸಬರ ತರಬೇತಿಗಳಲ್ಲಿ ಸ್ಕೀ, ಬೂಟು, ಕೋಲನ್ನು ಸಾಮಾನ್ಯವಾಗಿ ಅಲ್ಲೇ ಕೊಡುತ್ತಾರೆ. ಕೊಳ್ಳುವ ಅಗತ್ಯವೇ ಬರದಿರಬಹುದು.

ಎರಡು: ಯಾವ ಸ್ಕೀಯಿಂಗ್ ಎಂದು ತಿಳಿಯಿರಿ. ಬೆಟ್ಟದಿಂದ ಇಳಿಯುವುದಕ್ಕೆ ಒಂದು ಉದ್ದ, ಸಮನೆಲದ ಓಟಕ್ಕೆ ಇನ್ನೊಂದು ಉದ್ದ.

ಮೂರು: ಇಳಿಯುವ ಸ್ಕೀಗೆ ಎತ್ತರದ ಹತ್ತರಲ್ಲಿ ಏಳು ಪಾಲು. 168 ಸೆಂ.ಮೀ. ಎತ್ತರದವರಿಗೆ 117 ಚಿಲ್ಲರೆ ಬರುತ್ತದೆ. ಕೋಲು ಐದೈದು ಸೆಂ.ಮೀ. ಅಂತರದಲ್ಲಿ ಸಿಗುವುದರಿಂದ 115 ಅಥವಾ 120. ಅನುಮಾನವಿದ್ದರೆ ಹೊಸಬರಿಗೆ ಗಿಡ್ಡದ್ದೇ ವಾಸಿ. ಅಂಗಡಿಯಲ್ಲಾದರೆ ಕೋಲನ್ನು ತಲೆಕೆಳಗು ಮಾಡಿ, ಬುಟ್ಟಿಯ ಕೆಳಗೆ ಹಿಡಿದು ನಿಲ್ಲಿ. ಮೊಣಕೈ ಎಲ್ ಅಕ್ಷರದ ಹಾಗೆ ಮಡಚಿರಬೇಕು. ತಲೆಕೆಳಗು ಯಾಕೆಂದರೆ, ಬುಟ್ಟಿಯಿಂದಾಚೆಯ ತುದಿ ಹೇಗೂ ಹಿಮದೊಳಗೆ ಹೋಗುತ್ತದೆ, ಆ ಉದ್ದವನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾಲ್ಕು: ಸಮನೆಲದ ಓಟದ ಹಳೆಯ ಶೈಲಿಗೆ ಕೋಲು ಹೆಗಲ ಮಟ್ಟಕ್ಕೆ ಬರಬೇಕು, ಎತ್ತರದ ಶೇ. 83ರಷ್ಟು. ಅದೇ 168 ಸೆಂ.ಮೀ.ಯವರಿಗೆ ಸುಮಾರು 140. ಸ್ಕೇಟಿಂಗ್ ಶೈಲಿಗೆ ಗಲ್ಲದಿಂದ ತುಟಿಯ ನಡುವೆ, ಸುಮಾರು 150.

ಐದು: ಕೈಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಪಟ್ಟಿಯ ಸಮೇತ ಹಿಡಿ ಹಿಡಿಯಬೇಕು. ಹಿಮ ಕುಸಿಯಬಹುದಾದ ಜಾಗದಲ್ಲಿ, ಮರಗಳ ನಡುವೆ ಪಟ್ಟಿಯಿಂದ ಕೈ ಹೊರಗಿಡಬೇಕು. ಕೋಲು ಸಿಕ್ಕಿಕೊಂಡರೆ ಕೈಯೂ ಸಿಕ್ಕಿಕೊಳ್ಳುತ್ತದೆ.

ಜೀವ ಹುಡುಕುವ ಕೋಲು

ಐದನೆಯ ಮಾತನ್ನು ಬರೆಯುವಾಗ ನಮಗೆ ಸಿಯಾಚಿನ್ ನೆನಪಾಯಿತು. 2016ರ ಫೆಬ್ರುವರಿ 3ರಂದು ಅಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕಿ, ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಹಾಸನ ಜಿಲ್ಲೆಯ ನಾಗೇಶ ಮತ್ತು ನಮ್ಮದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಮಹೇಶ ಕೂಡ ಆ ಹತ್ತು ಮಂದಿಯಲ್ಲಿದ್ದರು.

ಹಿಮದಡಿ ಸಿಕ್ಕಿದವರನ್ನು ಹುಡುಕಲು ಬಳಸುವ ಸಾಧನಗಳಲ್ಲಿ ಒಂದು ಕೋಲೇ. ಪ್ರೋಬ್ ಎನ್ನುತ್ತಾರೆ. ಎರಡೂವರೆ, ಮೂರು ಮೀಟರ್ ಉದ್ದದ ತೆಳು ಕೋಲನ್ನು ಸಾಲಾಗಿ ನಿಂತು ಹಿಮಕ್ಕೆ ಚುಚ್ಚುತ್ತಾ ಹೋಗುತ್ತಾರೆ. ತುದಿಗೆ ತಗುಲಿದ್ದು ಕಲ್ಲೋ, ಮೈಯೋ ಎಂದು ಕೈಯೇ ಹೇಳಬೇಕು. ಇದನ್ನು ಓದಿ ಹೇಳಿದಾಗ ಹುಡುಗನ ತಾಯಿ ಎದ್ದು ಒಳಗೆ ಹೋದರು. ಮಗ ಸೈನ್ಯಕ್ಕೆ ಸೇರಬೇಕೆಂದಿರುವುದು ಅವರಿಗೆ ಗೊತ್ತು.

ಆ ಜೊತೆ ಕೋಲು ಏನಾಯಿತು?

ಹುಡುಗ ಗುಲ್ಮಾರ್ಗ್‌ಗೆ ಹೋಗಿ ಬಂದ. ಅಲ್ಲಿ ಕೋಲುಗಳನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಉಳಿದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಾಗ ಇವನು ಒಂದೊಂದನ್ನೇ ತಲೆಕೆಳಗು ಮಾಡಿ ಮೊಣಕೈ ನೋಡಿ ಆರಿಸಿದನಂತೆ. "ನಿಂಗ್ಯಾರು ಹೇಳ್ಕೊಟ್ರು?" ಎಂದು ಕಲಿಸುವವರು ಹಿಂದಿಯಲ್ಲಿ ಕೇಳಿದರೆ "ನಮ್ಮ ತಾತ" ಎಂದನಂತೆ.

ತರಿಸಿದ ಕೋಲಿನಲ್ಲಿ ಒಂದು ಈಗ ತಾತನ ಬಳಿ ಇದೆ. ಅವರ ಹಳೆಯ ಗಂಡುಬಿದಿರಿನ ಕೋಲು ಕುಟ್ಟೆ ತಿಂದು ಬಿರುಕು ಬಿಟ್ಟಿತ್ತು. ಸಂತೆಯಲ್ಲಿ ಅಂಥದ್ದು ಸಿಗಲಿಲ್ಲ. ಈ ಕೋಲಿನ ಉದ್ದ ಹೆಚ್ಚು ಕಡಿಮೆ ಮಾಡಬಹುದು. ಅಳತೆಯನ್ನು ಅವರೇ ಹೇಳಿದರು, ಆಸ್ಪತ್ರೆಯವರು ಹೇಳುವುದೂ ಅದೇ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈಯಲ್ಲಿ. ಟೈಲ್ಸ್, ಸಿಮೆಂಟ್ ನೆಲಕ್ಕೆ ತುದಿಗೆ ರಬ್ಬರ್ ಟೋಪಿ ಹಾಕಬೇಕು, ಸವೆದರೆ ಬದಲಿಸಬೇಕು. ನಿಮ್ಮ ಮನೆಯ ಹಿರಿಯರ ಕೋಲನ್ನು ಇವತ್ತೇ ಒಮ್ಮೆ ಅಳೆದು ನೋಡಿ. ಉದ್ದವಾದ ಕೋಲು ಹೆಗಲು ನೋಯಿಸುತ್ತದೆ, ಗಿಡ್ಡವಾದದ್ದು ಬೆನ್ನು ಬಗ್ಗಿಸುತ್ತದೆ.

"ಹಗುರ್ವಾಗದೆ, ಚೆಂದಾಗದೆ. ಆದ್ರೆ ಇದು ನಾನ್ ಕಡ್ದುದ್ದಲ್ಲ" ಎಂದರು ತಾತ. ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ.

ಇನ್ನೊಂದು ಕೋಲು ಗೋಡೆಯ ಮೂಲೆಯಲ್ಲಿದೆ. ಹಿತ್ತಲ ಬೇಲಿ ಪಕ್ಕ ತಾತ ಈ ಮಳೆಗಾಲ ಒಂದು ಕಿರುಬಿದಿರಿನ ಸಸಿ ನೆಟ್ಟಿದ್ದಾರೆ. ಹಿಂಡಲು ಹಿಡಿದು ಕೋಲಿಗೆ ಬರಲು ಏಳೆಂಟು ವರ್ಷವಾದರೂ ಬೇಕು. ಬುಡದ ಸುತ್ತ ಮುಳ್ಳು ಕಟ್ಟಿದ್ದಾರೆ, ಮೇಕೆ ಬಾಯಿ ಹಾಕದಿರಲಿ ಎಂದು.